ವೈದ್ಯಕೀಯದ ಮೊದಲ ವರ್ಷ ಮತ್ತು ನಮ್ಮ ಮಕ್ಕಳ ಮೌನ

ಪ್ರತಿ ವರ್ಷವೂ ವೈದ್ಯಕೀಯ ಸೀಟುಗಳ ಹಂಚಿಕೆ ಮುಗಿಯುತ್ತಿದ್ದಂತೆ ನಮ್ಮ ಕಡೆಯ ಊರುಗಳಲ್ಲಿ ಒಂದು ಸಂಭ್ರಮ ಮೂಡುತ್ತದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸರ್ಕಲ್ಲುಗಳಲ್ಲಿ ಅಭಿನಂದನೆಯ ಫ್ಲೆಕ್ಸುಗಳು ಏಳುತ್ತವೆ. ಓದಿದ ಶಾಲೆಯವರು ಕರೆದು ಶಾಲು ಹೊದಿಸುತ್ತಾರೆ, ಸಂಘದವರು ಹಾರ ಹಾಕುತ್ತಾರೆ, ನೆಂಟರು ಸಿಹಿ ಹಂಚುತ್ತಾರೆ. ಇದೆಲ್ಲ ಆಗಬೇಕಾದದ್ದೇ. ಆದರೆ ಆ ಫ್ಲೆಕ್ಸು ಮಳೆಗೆ ನೆಂದು ಹರಿದುಹೋಗುವ ಹೊತ್ತಿಗೆ, ಅದರಲ್ಲಿ ಭಾವಚಿತ್ರವಿದ್ದ ಮಗು ಎಲ್ಲಿ, ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಕೇಳುವವರು ಬಹಳ ಕಡಿಮೆ. ಹಲವು ವರ್ಷಗಳಿಂದ ನನ್ನ ಶಿಷ್ಯರಲ್ಲಿ ಈ ದಾರಿಯನ್ನು ಹಿಡಿದವರು ರಜೆಗೆ ಬಂದಾಗ ಮನೆಗೆ ಬಂದು ಹೇಳಿಕೊಂಡದ್ದನ್ನು ಕೇಳುತ್ತಾ ಬಂದಿದ್ದೇನೆ. ಅವುಗಳಿಂದ ನನಗೆ ಖಚಿತವಾದ ಒಂದು ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ. ವೈದ್ಯಕೀಯದ ಮೊದಲ ವರ್ಷದಲ್ಲಿ ನಮ್ಮ ಮಕ್ಕಳು ಎಡವುವುದು ಬುದ್ಧಿ ಸಾಲದೆ ಅಲ್ಲ. ಗೊತ್ತಿಲ್ಲದ್ದನ್ನು ಬಾಯಿ ತೆರೆದು ಕೇಳಲಾರದೆ.

ಮೊದಲು ಸ್ವಲ್ಪ ಹಿನ್ನೆಲೆಯನ್ನು ಹೇಳಬೇಕು. ನಮ್ಮ ತಲೆಮಾರಿನವರ ಪಾಲಿಗೆ ವೈದ್ಯಕೀಯ ಕಾಲೇಜೆಂದರೆ ದೂರದ ಮಾತು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡ ಮೈಸೂರು ವೈದ್ಯಕೀಯ ಕಾಲೇಜೇ ನಮ್ಮ ಜಿಲ್ಲೆಯವರಿಗೆ ಹತ್ತಿರದ ಸರ್ಕಾರಿ ಕಾಲೇಜಾಗಿತ್ತು. 2006ರಲ್ಲಿ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾಯಿತು. ಶ್ರೀ ಚಾಮರಾಜೇಂದ್ರ ಆಸ್ಪತ್ರೆ ಅದರ ಬೋಧನಾ ಆಸ್ಪತ್ರೆಯಾಯಿತು. ಬಾಲ್ಯದಲ್ಲಿ ಅಜ್ಜಿಯ ಜೊತೆ ಚೀಟಿ ಹಿಡಿದು ಸಾಲಿನಲ್ಲಿ ನಿಂತ ಆಸ್ಪತ್ರೆಯಲ್ಲಿಯೇ ಬಿಳಿ ಕೋಟು ತೊಟ್ಟು ಓದುವ ಅವಕಾಶ ನಮ್ಮ ತಾಲ್ಲೂಕುಗಳ ಮಕ್ಕಳ ಕಣ್ಣೆದುರಿಗೆ ಬಂದಿತು. ಆದರೂ ಸೀಟು ದೊರೆಯುವುದು ಊರಿನ ಸಾಮೀಪ್ಯದಿಂದಲ್ಲ, ರ್‍ಯಾಂಕಿನಿಂದ. ಅರಕಲಗೂಡಿನ ಹುಡುಗಿಗೆ ಬೀದರ್ ಸಿಕ್ಕಬಹುದು, ಚನ್ನರಾಯಪಟ್ಟಣದ ಹುಡುಗನಿಗೆ ರಾಯಚೂರು ಸಿಕ್ಕಬಹುದು. ರಾಜ್ಯದ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲಿದೆ. 2017ರಿಂದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದಾಗಿದೆ. ಬಾಗಿಲು ಕನ್ನಡದಲ್ಲಿ ತೆರೆಯುತ್ತದೆ, ಸಂತೋಷ. ಒಳಗೆ ಕಾಲಿಟ್ಟ ಮೇಲೆ ಎಲ್ಲವೂ ಇಂಗ್ಲಿಷ್.

ಮೊದಲ ವರ್ಷದಲ್ಲಿ ಮುಖ್ಯವಾಗಿ ಮೂರು ವಿಷಯಗಳು: ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಮತ್ತು ಜೀವರಸಾಯನಶಾಸ್ತ್ರ. ಹಿಂದೆ ಇವನ್ನು ಕಲಿಯಲು ಒಂದೂವರೆ ವರ್ಷದ ಅವಧಿಯಿತ್ತು. 1997ರ ನಿಯಮಾವಳಿ ಅದನ್ನು ಒಂದು ವರ್ಷಕ್ಕೆ ಇಳಿಸಿತು. 2019ರಲ್ಲಿ ಪಠ್ಯಕ್ರಮ ಮತ್ತೆ ಬದಲಾಗಿ, ಆರಂಭದಲ್ಲಿಯೇ ಒಂದು ಬುನಾದಿ ತರಬೇತಿಯೂ, ಮೊದಲ ವರ್ಷದಿಂದಲೇ ರೋಗಿಗಳನ್ನು ಕಾಣುವ ಕ್ರಮವೂ ಸೇರಿದವು. ಆದ್ದರಿಂದ ಹಿರಿಯ ವೈದ್ಯರು ಯಾರಾದರೂ "ನಮ್ಮ ಕಾಲದಲ್ಲಿ ಇಷ್ಟು ಒದ್ದಾಟವಿರಲಿಲ್ಲ" ಎಂದರೆ, ಅವರಿಗೆ ಆರು ತಿಂಗಳು ಹೆಚ್ಚು ಸಿಕ್ಕಿತ್ತೆಂಬುದನ್ನು ನೆನಪಿಸಬೇಕಾಗುತ್ತದೆ.

ಹೊರಗಿನವರಾದ ನಾವು ಮೊದಲ ವರ್ಷದ ಕಷ್ಟವೆಂದರೆ ಶವಚ್ಛೇದನದ ಭಯವೆಂದು ಭಾವಿಸುತ್ತೇವೆ. ವಿದ್ಯಾರ್ಥಿಗಳು ಹೇಳುವುದು ಬೇರೆ. ಮೊದಲ ದಿನ ಫಾರ್ಮಲಿನ್ ವಾಸನೆಗೆ ಕಣ್ಣು ಉರಿದು ನೀರು ಬರುತ್ತದೆ. ಮಧ್ಯಾಹ್ನದ ಊಟ ಸೇರುವುದಿಲ್ಲ. ತೊಳೆದಷ್ಟೂ ಕೈಯಿಂದ ಆ ವಾಸನೆ ಹೋಗದೆಂಬ ಭ್ರಮೆ ಕಾಡುತ್ತದೆ. ಒಂದೆರಡು ವಾರ ಕಳೆದರೆ ಭಯ ಹಿಂದೆ ಸರಿಯುತ್ತದೆ. ಈಗ ಅನೇಕ ಕಾಲೇಜುಗಳಲ್ಲಿ ಮೃತದೇಹದ ಮುಂದೆ ನಿಂತು ಗೌರವದ ಪ್ರತಿಜ್ಞೆ ಸ್ವೀಕರಿಸಿದ ನಂತರವೇ ಕೆಲಸ ಆರಂಭ. ದೇಹದಾನ ಮಾಡಿದ ಯಾರೋ ಒಬ್ಬ ಹಿರಿಯರು, ಅಥವಾ ವಾರಸುದಾರರಿಲ್ಲದೆ ತೀರಿಕೊಂಡ ಯಾರೋ ಒಬ್ಬ ಬಡವರು, ಒಂದು ವರ್ಷ ಕಾಲ ತಮ್ಮ ಶರೀರವನ್ನೇ ಪುಸ್ತಕವಾಗಿ ತೆರೆದಿಡುತ್ತಾರೆ. ಹಳ್ಳಿಯಲ್ಲಿ ಹುಟ್ಟಿ ಬೆಳೆದ ಮಕ್ಕಳು ಸಾವನ್ನು ಹತ್ತಿರದಿಂದ ಕಂಡವರು. ಈ ಋಣವನ್ನು ಅವರು ಬೇಗ ಅರಿಯುತ್ತಾರೆ. ಅವರನ್ನು ನಿಜವಾಗಿ ಕಂಗೆಡಿಸುವುದು ಆ ದೇಹವಲ್ಲ, ಅದರ ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳುವ ಜೀವಂತ ಅಧ್ಯಾಪಕರು.

ಇದಕ್ಕೆ ಕಾರಣವನ್ನು ಹುಡುಕಬೇಕಾದರೆ ಪ್ರವೇಶ ಪರೀಕ್ಷೆಯ ಸ್ವರೂಪವನ್ನು ನೋಡಬೇಕು. ನೀಟ್ ಪರೀಕ್ಷೆಯಲ್ಲಿ 180 ಪ್ರಶ್ನೆಗಳು, 720 ಅಂಕಗಳು. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರಗಳು ಸಿದ್ಧವಾಗಿರುತ್ತವೆ. ಸರಿಯಾದದ್ದನ್ನು ಗುರುತಿಸಿ ಪೆನ್ನಿನಿಂದ ಒಂದು ಬಿಂದುವನ್ನು ತುಂಬಬೇಕು. ಈ ಒಂದು ಪರೀಕ್ಷೆಗಾಗಿ ಮಕ್ಕಳು ಎರಡು ವರ್ಷ, ಕೆಲವರು ಮೂರು ವರ್ಷ, ವಸತಿ ಕಾಲೇಜುಗಳ ಕೋಣೆಗಳಲ್ಲಿ ತಯಾರಿ ನಡೆಸುತ್ತಾರೆ. ಆ ಅವಧಿಯಲ್ಲಿ ಅವರು ಬಾಯಿ ಬಿಟ್ಟು ಮಾತನಾಡಬೇಕಾದ ಸಂದರ್ಭ ಹೆಚ್ಚುಕಡಿಮೆ ಬರುವುದೇ ಇಲ್ಲ. ಅಲ್ಲಿಂದ ನೇರವಾಗಿ ಬಂದು ಬೀಳುವುದು ಪುಟಗಟ್ಟಲೆ ಪ್ರಬಂಧರೂಪದ ಉತ್ತರ ಬರೆಯಬೇಕಾದ, ಚಿತ್ರ ಬಿಡಿಸಬೇಕಾದ, ಪರೀಕ್ಷಕರ ಕಣ್ಣಿಗೆ ಕಣ್ಣಿಟ್ಟು ವೈವಾ ಎದುರಿಸಬೇಕಾದ ಜಗತ್ತಿಗೆ. ಸ್ಪಾಟರ್ಸ್ ಎಂಬ ಪರೀಕ್ಷೆಯಂತೂ ವಿಚಿತ್ರ. ಮೇಜಿನಿಂದ ಮೇಜಿಗೆ ಮೂಳೆ, ಸ್ಲೈಡು, ಅಂಗಗಳನ್ನು ಇಟ್ಟಿರುತ್ತಾರೆ, ಗಂಟೆ ಬಾರಿಸಿದೊಡನೆ ಮುಂದಿನ ಮೇಜಿಗೆ ಸರಿಯಬೇಕು, ಹೊಳೆಯದಿದ್ದರೂ ನಿಲ್ಲುವಂತಿಲ್ಲ.

ಚನ್ನರಾಯಪಟ್ಟಣ ತಾಲ್ಲೂಕಿನ ಒಬ್ಬ ಹುಡುಗ, ಎಸ್‌ಎಸ್‌ಎಲ್‌ಸಿಯಿಂದಲೇ ಇಂಗ್ಲಿಷ್ ಮಾಧ್ಯಮದವನು, ಪ್ರವೇಶದಲ್ಲಿ ಒಳ್ಳೆಯ ರ್‍ಯಾಂಕ್ ಪಡೆದವನು, ಮೊದಲ ಆಂತರಿಕ ಪರೀಕ್ಷೆಯಲ್ಲಿ ಅಂಗರಚನಾಶಾಸ್ತ್ರದಲ್ಲಿ ನಪಾಸಾದ. "ಸಾರ್, ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸು ಅಂದಿದ್ದರೆ ಎಲ್ಲವನ್ನೂ ಸರಿ ಮಾಡುತ್ತಿದ್ದೆ. ಖಾಲಿ ಹಾಳೆ ನೋಡಿ ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯಲಿಲ್ಲ" ಎಂದು ಹೇಳಿದ. ಆದ್ದರಿಂದ ಇದು ಕನ್ನಡ ಮಾಧ್ಯಮದವರ ಕಷ್ಟ ಮಾತ್ರವೆಂದು ಹೇಳಲಾರೆ. ಆದರೆ ಕನ್ನಡ ಮಾಧ್ಯಮದವರಿಗೆ ಇದರ ಮೇಲೆ ಇನ್ನೊಂದು ಹೊರೆಯಿದೆ.

ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪು ಬೆಳೆಯುವ ಕುಟುಂಬದ ಒಬ್ಬ ಹುಡುಗಿ ನಮ್ಮ ಶಾಲೆಯಲ್ಲಿ ಓದಿದವಳು. ಬ್ಯಾರನ್ನಿನ ಮುಂದೆ ರಾತ್ರಿ ಸೌದೆ ಹಾಕುತ್ತಾ ಪಾಠ ಒಪ್ಪಿಸಿಕೊಳ್ಳುತ್ತಿದ್ದವಳು. ತರಗತಿಯಲ್ಲಿ ಪ್ರಶ್ನೆ ಕೇಳುವುದಕ್ಕೆ ಎಂದೂ ಹಿಂಜರಿದವಳಲ್ಲ. ವೈದ್ಯಕೀಯಕ್ಕೆ ಸೇರಿದ ಮೇಲೆ ಮೊದಲ ಮೂರು ತಿಂಗಳು ಆಕೆ ತರಗತಿಯಲ್ಲಿ ಒಂದು ಮಾತನ್ನೂ ಆಡಲಿಲ್ಲ. "ಉತ್ತರ ಗೊತ್ತಿರುತ್ತಿತ್ತು ಸಾರ್, ವಾಕ್ಯ ಬರುತ್ತಿರಲಿಲ್ಲ. ಮನಸ್ಸಿನಲ್ಲಿ ಇಂಗ್ಲಿಷ್ ವಾಕ್ಯ ಕಟ್ಟಿ ಮುಗಿಸುವಷ್ಟರಲ್ಲಿ ಮುಂದಿನವರಿಗೆ ಪ್ರಶ್ನೆ ಹೋಗಿರುತ್ತಿತ್ತು" ಎಂದಳು. ಒಂದು ದಿನ ಧೈರ್ಯ ಮಾಡಿ ಕೇಳಿದ ಸಂದೇಹಕ್ಕೆ, ವಿಷಯದ ಉತ್ತರ ಬರುವ ಬದಲು, ಅವಳ ಇಂಗ್ಲಿಷನ್ನು ಕುರಿತ ಒಂದು ವ್ಯಂಗ್ಯ ಬಂದಿತಂತೆ. ಎಲ್ಲರೂ ನಕ್ಕರಂತೆ. ಅಂದಿನಿಂದ ಅವಳು ಹಿಂದಿನ ಬೆಂಚಿಗೆ ಹೋದಳು. ಆ ಅಧ್ಯಾಪಕರಿಗೆ ಅದು ಮರುಕ್ಷಣ ಮರೆತುಹೋದ ಮಾತಾಗಿರಬಹುದು. ಈ ಮಗುವಿನ ಒಂದು ವರ್ಷವನ್ನು ಅದು ನುಂಗಿತು.

ಇಲ್ಲಿ ನಾನು ಒತ್ತಿ ಹೇಳಬೇಕಾದ ಮಾತೊಂದಿದೆ. ಕನ್ನಡದಲ್ಲಿ ವಿಜ್ಞಾನ ಓದಿದ ಮಗು ಬರಿಗೈಯಲ್ಲಿ ವೈದ್ಯಕೀಯಕ್ಕೆ ಹೋಗುವುದಿಲ್ಲ. ಹತ್ತನೆಯ ತರಗತಿಯೊಳಗೆ ಅದು 'ಹೃತ್ಕುಕ್ಷಿ' ಎಂಬ ಪದವನ್ನು ಕಲಿತಿರುತ್ತದೆ. ಕುಕ್ಷಿಯೆಂದರೆ ಹೊಟ್ಟೆ. ಇಂಗ್ಲಿಷಿನ 'ವೆಂಟ್ರಿಕಲ್' ಪದದ ಲ್ಯಾಟಿನ್ ಮೂಲಕ್ಕೂ 'ಚಿಕ್ಕ ಹೊಟ್ಟೆ' ಎಂದೇ ಅರ್ಥ. 'ಪಿತ್ತಜನಕಾಂಗ', 'ಮೂತ್ರಜನಕಾಂಗ' ಎಂಬ ಹೆಸರುಗಳಲ್ಲಿ ಆ ಅಂಗದ ಕೆಲಸವೇ ಅಡಗಿದೆ. 'ಲಿವರ್', 'ಕಿಡ್ನಿ' ಎಂದು ಕಲಿತವರಿಗೆ ಆ ಸೌಕರ್ಯವಿಲ್ಲ. ಕಾಲಿನ ಹಿಂಭಾಗದ ದಪ್ಪ ಸ್ನಾಯುವನ್ನು ಕಂಡು ಕನ್ನಡಿಗ ಮೀನನ್ನು ನೆನೆದು 'ಮೀನಖಂಡ' ಎಂದ. ಗ್ರೀಕನು ಹೊಟ್ಟೆಯನ್ನು ನೆನೆದು 'ಕಾಲಿನ ಹೊಟ್ಟೆ' ಎಂಬರ್ಥದ 'ಗ್ಯಾಸ್ಟ್ರೋನೀಮಿಯಸ್' ಎಂದ. ಇಬ್ಬರೂ ನೋಡಿದ್ದು ಒಂದನ್ನೇ.

ಹೀಗೆ ಬಿಡಿಸಿ ನೋಡಿದರೆ ಭಯ ಹುಟ್ಟಿಸುವ ಹೆಸರುಗಳು ಪಳಗುತ್ತವೆ. 'ಸ್ಟರ್ನೋಕ್ಲೈಡೋಮಾಸ್ಟಾಯ್ಡ್' ಎಂಬ ಉದ್ದದ ಹೆಸರು ಒಂದು ವಿಳಾಸ ಅಷ್ಟೆ: ಎದೆಮೂಳೆ, ಕೊರಳೆಲುಬುಗಳಿಂದ ಹೊರಟು ಕಿವಿಯ ಹಿಂದಿನ ಮೂಳೆಯ ಉಬ್ಬಿಗೆ ಸೇರುವ ಸ್ನಾಯು. ತೊಡೆಯ ಮೇಲೆ ಓರೆಯಾಗಿ ಹರಿಯುವ 'ಸಾರ್ಟೋರಿಯಸ್' ಎಂದರೆ ದರ್ಜಿಯ ಸ್ನಾಯು. ಹಿಂದೆ ದರ್ಜಿಗಳು ಚಕ್ಕಳಮಕ್ಕಳ ಹಾಕಿ ಕುಳಿತು ಹೊಲಿಯುತ್ತಿದ್ದುದರಿಂದ ಬಂದ ಹೆಸರು. ಬೆನ್ನುಮೂಳೆಯ ತುದಿಯ 'ಕಾಕ್ಸಿಕ್ಸ್' ಕೋಗಿಲೆಯ ಜಾತಿಯ ಹಕ್ಕಿಯ ಕೊಕ್ಕು. ಕಾಲಿನ 'ಟಿಬಿಯಾ' ಕೊಳಲು. ತಲೆಯನ್ನು ಹೊರುವ ಕತ್ತಿನ ಮೊದಲ ಮೂಳೆಗೆ, ಆಕಾಶವನ್ನು ಹೊತ್ತ ಗ್ರೀಕ್ ಪುರಾಣದ 'ಅಟ್ಲಾಸ್'ನ ಹೆಸರು. ನಾವು ಹೆಸರಿಟ್ಟಿದ್ದರೆ ಆದಿಶೇಷನೆಂದು ಕರೆಯುತ್ತಿದ್ದೆವೋ ಏನೋ. ಇವನ್ನು ಹೀಗೆ ಹೇಳಿಕೊಡಲು ಯಾರಾದರೊಬ್ಬರು ಸಿಕ್ಕಿದರೆ ಆ ಮಗು ಚೌರಾಸಿಯಾ ಅವರ ಪುಸ್ತಕವನ್ನು ಕಂಠಪಾಠ ಮಾಡುವುದನ್ನು ಬಿಟ್ಟು ಓದಲಾರಂಭಿಸುತ್ತದೆ. ಡಾ. ಡಿ. ಎಸ್. ಶಿವಪ್ಪನವರು ವೈದ್ಯಪದಗಳ ಹುಟ್ಟು ಮತ್ತು ರಚನೆಯನ್ನು ಕುರಿತು ಕನ್ನಡದಲ್ಲಿಯೇ ಗ್ರಂಥವನ್ನು ಬರೆದಿದ್ದಾರೆ. ವೈದ್ಯೆಯಾಗಿದ್ದ ಅನುಪಮಾ ನಿರಂಜನರು 'ತಾಯಿ-ಮಗು', 'ದಾಂಪತ್ಯ ದೀಪಿಕೆ'ಗಳನ್ನು ಬರೆದು, ಶರೀರದ ವಿಷಯವನ್ನು ಮನೆಮಾತಿನಲ್ಲಿ ಸಂಕೋಚವಿಲ್ಲದೆ ತಿಳಿಸಬಹುದೆಂದು ತೋರಿಸಿದರು. ದಾರಿ ಇಲ್ಲದೆ ಇಲ್ಲ.

ಹಾಗಾದರೆ ವೈದ್ಯಕೀಯವನ್ನೇ ಕನ್ನಡದಲ್ಲಿ ಕಲಿಸಬೇಕೆ ಎಂದು ಕೆಲವರು ಕೇಳಬಹುದು. 2022ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶದಲ್ಲಿ ಮೊದಲ ವರ್ಷದ ಈ ಮೂರೂ ವಿಷಯಗಳ ಪಠ್ಯಪುಸ್ತಕಗಳನ್ನು ಹಿಂದಿಯಲ್ಲಿ ಬಿಡುಗಡೆ ಮಾಡಿದರು. ಅಂದಿನಿಂದ ನಮ್ಮಲ್ಲಿಯೂ ಈ ಚರ್ಚೆ ಆಗಾಗ ತಲೆಯೆತ್ತುತ್ತದೆ. ನನ್ನ ಅಭಿಪ್ರಾಯದಲ್ಲಿ ಪುಸ್ತಕದ ಅನುವಾದಕ್ಕಿಂತ ಮೊದಲು ಆಗಬೇಕಾದದ್ದು ವಿವರಣೆಯ ಅನುವಾದ. ಪಾರಿಭಾಷಿಕ ಪದಗಳು ಇಂಗ್ಲಿಷಿನಲ್ಲಿಯೇ ಇರಲಿ; ಮುಂದೆ ಔಷಧದ ಹೆಸರು, ಸಂಶೋಧನ ಪತ್ರಿಕೆ, ಹೊರರಾಜ್ಯದ ಉನ್ನತ ವ್ಯಾಸಂಗ ಎಲ್ಲಕ್ಕೂ ಅದು ಬೇಕು. ಆದರೆ ನರವೊಂದು ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆಂಬುದನ್ನು ಕನ್ನಡದಲ್ಲಿ ಕೇಳಿ ತಿಳಿದುಕೊಳ್ಳುವ ವಾರಕ್ಕೊಂದೆರಡು ಗಂಟೆಗಳ ಅವಕಾಶವನ್ನು ಪ್ರತಿ ಸರ್ಕಾರಿ ಕಾಲೇಜೂ ಕಲ್ಪಿಸಬಹುದು. ಇದಕ್ಕೆ ಕಟ್ಟಡ ಬೇಡ, ದೊಡ್ಡ ಅನುದಾನ ಬೇಡ. ಮನಸ್ಸಿರುವ ಒಬ್ಬಿಬ್ಬರು ಅಧ್ಯಾಪಕರೂ ಹಿರಿಯ ವಿದ್ಯಾರ್ಥಿಗಳೂ ಸಾಕು. ಮೀಸಲಾತಿಯ ಮೂಲಕ ಕನ್ನಡ ಮಾಧ್ಯಮದ ಮಗುವಿಗೆ ಸೀಟು ಕೊಡುವ ವ್ಯವಸ್ಥೆ, ಆ ಸೀಟಿನಲ್ಲಿ ಅದು ನೆಮ್ಮದಿಯಾಗಿ ಕುಳಿತುಕೊಳ್ಳುವಂತೆ ನೋಡಿಕೊಳ್ಳುವುದೂ ನ್ಯಾಯ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಸರ್ಕಾರಿ ಕಾಲೇಜುಗಳಲ್ಲಿ ಶೇಕಡಾ 15ರಷ್ಟು ಸೀಟುಗಳು ಅಖಿಲ ಭಾರತ ಕೋಟಾದವು. ಹೊರರಾಜ್ಯಗಳಿಂದ ಬಂದ ಮಕ್ಕಳಿಗೆ ಬುನಾದಿ ತರಬೇತಿಯಲ್ಲಿ ಸ್ಥಳೀಯ ಭಾಷೆಯನ್ನು ಕಲಿಸಬೇಕೆಂಬ ನಿಯಮವಿದೆ. ಏಕೆಂದರೆ ಆಸ್ಪತ್ರೆಗೆ ಬರುವ ರೋಗಿ ಪಠ್ಯಪುಸ್ತಕದ ಭಾಷೆಯಲ್ಲಿ ಮಾತನಾಡುವುದಿಲ್ಲ. "ಎದೆ ಹಿಡ್ಕೊಂಡಂಗಾಯ್ತದೆ", "ಹೊಟ್ಟೆ ತೊಳಸ್ತದೆ", "ಕಾಲು ಜೋಮು ಹಿಡೀತದೆ" ಎನ್ನುತ್ತಾನೆ. ಈ ಮಾತುಗಳನ್ನು ಕೇಳಿದ ಕೂಡಲೇ ಅರ್ಥ ಮಾಡಿಕೊಳ್ಳುವ ಶಕ್ತಿ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತ ನಮ್ಮ ಅರಕಲಗೂಡಿನ ಹುಡುಗಿಗಿದೆ. ಅವಳ ವಿಷಯದಲ್ಲಿ ಆದದ್ದೂ ಹಾಗೆಯೇ. ಉತ್ತರಭಾರತದ ಸಹಪಾಠಿಯೊಬ್ಬಳಿಗೆ ಕನ್ನಡ ಹೇಳಿಕೊಡುತ್ತಾ, ಅವಳಿಂದ ಇಂಗ್ಲಿಷಿನಲ್ಲಿ ಪಾಠ ಒಪ್ಪಿಸುವ ಅಭ್ಯಾಸ ಮಾಡಿಕೊಂಡಳು. ಇಬ್ಬರೂ ತಪ್ಪು ಮಾತನಾಡುವವರಾದ್ದರಿಂದ ಇಬ್ಬರಿಗೂ ನಾಚಿಕೆ ಇರಲಿಲ್ಲ. ಶರೀರಕ್ರಿಯಾಶಾಸ್ತ್ರದ ಪ್ರಯೋಗಾಲಯದಲ್ಲಿ ತಮ್ಮ ಬೆರಳನ್ನೇ ಚುಚ್ಚಿ ಹಿಮೋಗ್ಲೋಬಿನ್ ನೋಡುವಾಗ, ಪರಸ್ಪರರ ರಕ್ತದೊತ್ತಡವನ್ನು ಅಳೆಯುವಾಗ, ಅವಳ ಮಾತು ನಿಧಾನವಾಗಿ ಮರಳಿತು. ಜೀವರಸಾಯನಶಾಸ್ತ್ರದಲ್ಲಿ ಬೆನೆಡಿಕ್ಟ್ ದ್ರಾವಣ ನೀಲಿಯಿಂದ ಇಟ್ಟಿಗೆಗೆಂಪಿಗೆ ತಿರುಗಿದ್ದನ್ನು ಕಂಡಾಗ, ಸಕ್ಕರೆ ಕಾಯಿಲೆಯಿಂದ ಬಳಲುತ್ತಿದ್ದ ಅಜ್ಜಿ ನೆನಪಾಗಿ, ತಾನು ಇಲ್ಲಿಗೆ ಬಂದದ್ದೇಕೆಂದು ಮೊದಲ ಬಾರಿಗೆ ಸ್ಪಷ್ಟವಾಯಿತೆಂದು ಹೇಳಿದಳು. ಒಂದು ವಿಷಯದಲ್ಲಿ ಹಿಂದುಳಿದು, ಪೂರಕ ಪರೀಕ್ಷೆಯಲ್ಲಿ ತೇರ್ಗಡೆಯಾದಳು. ಈಗ ವೈದ್ಯೆ.

ಈಗ ಮನೆಯವರಿಗೆ ಎರಡು ಮಾತು. ಸೀಟು ಸಿಕ್ಕಿದ ದಿನದಿಂದಲೇ ನಾವು ಮಗುವನ್ನು 'ಡಾಕ್ಟ್ರು' ಎಂದು ಕರೆಯುತ್ತೇವೆ. ಗೌರಿ-ಗಣೇಶ ಹಬ್ಬಕ್ಕೆ ಊರಿಗೆ ಬಂದರೆ ಚಿಕ್ಕಪ್ಪ ಸ್ಕ್ಯಾನಿಂಗ್ ವರದಿ ತರುತ್ತಾರೆ, ಅತ್ತೆ ಮಾತ್ರೆಯ ಪಟ್ಟಿ ಹಿಡಿದು ಬರುತ್ತಾರೆ. ಆ ಮಗು ಇನ್ನೂ ಕೈಮೂಳೆಗಳ ಹೆಸರು ಕಲಿಯುತ್ತಿರುತ್ತದೆ. ಆಂತರಿಕ ಪರೀಕ್ಷೆಯಲ್ಲಿ ನಪಾಸಾಗಿದ್ದನ್ನು ಮುಚ್ಚಿಟ್ಟುಕೊಂಡು ಎಲ್ಲರ ಮುಂದೆ ನಗಬೇಕಾಗುತ್ತದೆ. ಹೊಳೆನರಸೀಪುರದ ತಂದೆಯೊಬ್ಬರು ನನ್ನ ಬಳಿ, "ಮೇಷ್ಟ್ರೇ, ಮಗ ಫೋನಿನಲ್ಲಿ ಎರಡು ಮಾತಾಡಿ ಇಟ್ಟುಬಿಡ್ತಾನೆ, ಓದಿನಲ್ಲಿ ಮುಳುಗವ್ನೆ ಅಂತ ಕಾಣ್ತದೆ" ಎಂದು ಹೆಮ್ಮೆಯಿಂದಲೇ ಹೇಳಿದರು. ವಿಚಾರಿಸಿದಾಗ ತಿಳಿದದ್ದು, ಹುಡುಗ ನಿದ್ದೆಯಿಲ್ಲದೆ, ಊಟ ಸೇರದೆ, ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಕಾಲೇಜಿನ ಹಿರಿಯ ವಿದ್ಯಾರ್ಥಿಯೊಬ್ಬನ ಮೂಲಕ ಸಕಾಲದಲ್ಲಿ ನೆರವು ಸಿಕ್ಕಿತು. ಎಲ್ಲರಿಗೂ ಸಿಕ್ಕುವುದಿಲ್ಲ. ಮಾತು ಕಡಿಮೆಯಾದ ಮಗುವನ್ನು ಓದಿನಲ್ಲಿ ಮುಳುಗಿದೆಯೆಂದು ಭಾವಿಸಬೇಡಿ. ಒಂದು ದಿನ ಬಸ್ಸು ಹತ್ತಿ ಹೋಗಿ ನೋಡಿ. ಎಷ್ಟು ಅಂಕ ಬಂತೆಂದು ಕೇಳುವುದಕ್ಕೆ ಮೊದಲು ಊಟ ಮಾಡಿದೆಯಾ, ಮಲಗಿದೆಯಾ, ಯಾರ ಜೊತೆ ಮಾತನಾಡಿದೆ ಎಂದು ಕೇಳಿ. ಅಗತ್ಯವಿದ್ದರೆ ಮನೋವೈದ್ಯರನ್ನು ಕಾಣುವುದರಲ್ಲಿ ಅವಮಾನವೇನೂ ಇಲ್ಲ; ಆ ವಿಭಾಗ ಅದೇ ಆಸ್ಪತ್ರೆಯಲ್ಲಿಯೇ ಇರುತ್ತದೆ.

ನಪಾಸಾದರೆ ಎಲ್ಲವೂ ಮುಗಿಯಿತೆಂಬ ಕಲ್ಪನೆಯೂ ತಪ್ಪು. ಪೂರಕ ಪರೀಕ್ಷೆಯಿದೆ. ಅದರಲ್ಲಿಯೂ ಆಗದಿದ್ದರೆ ಮುಂದಿನ ಗುಂಪಿನೊಡನೆ ಓದಬಹುದು. ಮೊದಲ ವರ್ಷದ ಪರೀಕ್ಷೆಗೆ ನಿಯಮದ ಪ್ರಕಾರ ನಾಲ್ಕು ಪ್ರಯತ್ನಗಳ, ನಾಲ್ಕು ವರ್ಷಗಳ ಮಿತಿಯಿದೆ. ಅಂದರೆ ಒಮ್ಮೆ ಬಿದ್ದವರು ಏಳುವುದಕ್ಕೆ ನಿಯಮವೇ ಜಾಗ ಬಿಟ್ಟಿದೆ. ಎಚ್ಚರ ವಹಿಸಬೇಕಾದದ್ದು ಹಾಜರಾತಿಯ ಬಗ್ಗೆ: ಪಾಠಗಳಿಗೆ ಶೇಕಡಾ 75, ಪ್ರಯೋಗಗಳಿಗೆ ಶೇಕಡಾ 80 ಇರಲೇಬೇಕು. ಸೋತ ಮಗು ನಾಚಿಕೆಯಿಂದ ತರಗತಿ ತಪ್ಪಿಸಲಾರಂಭಿಸಿದಾಗಲೇ ನಿಜವಾದ ಅಪಾಯ. ಹಾಗೆಯೇ ಹಿರಿಯ ವಿದ್ಯಾರ್ಥಿಗಳ ಕಾಟವೇನಾದರೂ ಇದ್ದರೆ ಸಹಿಸಿಕೊಂಡು ಕೂರಬಾರದು. 2009ರಲ್ಲಿ ಹಿಮಾಚಲಪ್ರದೇಶದಲ್ಲಿ ಮೊದಲ ವರ್ಷದ ವೈದ್ಯವಿದ್ಯಾರ್ಥಿಯೊಬ್ಬ ರ್‍ಯಾಗಿಂಗಿಗೆ ಬಲಿಯಾದ ಬಳಿಕ, ಅದೇ ವರ್ಷ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಕಠಿಣ ನಿಯಮಗಳನ್ನು ತಂದಿದೆ. ದೂರು ಕೊಡುವುದು ಹೇಡಿತನವಲ್ಲ.

ಕಡೆಯದಾಗಿ ನನ್ನ ಶಿಷ್ಯರಲ್ಲಿ ಈಗಾಗಲೇ ವೈದ್ಯರಾಗಿರುವವರಿಗೆ, ದಾದಿಯರಾಗಿ, ಪ್ರಯೋಗಾಲಯದ ತಂತ್ರಜ್ಞರಾಗಿ ದುಡಿಯುತ್ತಿರುವವರಿಗೆ ಒಂದು ಕೋರಿಕೆ. ಈ ವರ್ಷ ನಮ್ಮ ತಾಲ್ಲೂಕುಗಳಿಂದ ವೈದ್ಯಕೀಯಕ್ಕೆ ಸೇರುವ ಮಕ್ಕಳಲ್ಲಿ ಒಬ್ಬರನ್ನು ನೀವು ಆರಿಸಿಕೊಳ್ಳಿ. ಹಣ ಕೊಡಬೇಕಾಗಿಲ್ಲ. ವಾರಕ್ಕೊಮ್ಮೆ ದೂರವಾಣಿಯಲ್ಲಿ ಅರ್ಧ ಗಂಟೆ ಮಾತನಾಡಿ. ಕನ್ನಡದಲ್ಲಿ ಸಂದೇಹ ಕೇಳಲಿ, ಇಂಗ್ಲಿಷಿನಲ್ಲಿ ಉತ್ತರ ಒಪ್ಪಿಸಲಿ. ನೀವೂ ಮೊದಲ ವರ್ಷದಲ್ಲಿ ಎಲ್ಲಿ ಎಡವಿದಿರಿ ಎಂಬುದನ್ನು ಮರೆಮಾಚದೆ ಹೇಳಿ. ಅದು ಅವರಿಗೆ ಯಾವ ಪುಸ್ತಕದಲ್ಲಿಯೂ ಸಿಕ್ಕುವುದಿಲ್ಲ. ಶಾಲೆಗಳಲ್ಲಿ ಪಾಠ ಮಾಡುತ್ತಿರುವ ಶಿಷ್ಯರಿಗೂ ಒಂದು ಮಾತು: ತಪ್ಪು ಪ್ರಶ್ನೆ ಕೇಳಿದ ಮಗುವಿನ ಮೇಲೆ ತರಗತಿ ನಗದಂತೆ ನೋಡಿಕೊಳ್ಳಿ. ಕೇಳುವ ಬಾಯಿ ಒಮ್ಮೆ ಮುಚ್ಚಿದರೆ ತೆರೆಸುವುದು ಎಷ್ಟು ಕಷ್ಟವೆಂದು ಮೇಲಿನ ಉದಾಹರಣೆಯಲ್ಲಿ ನೋಡಿದಿರಿ.

ಮುಂದೊಂದು ದಿನ ಈ ಮಕ್ಕಳೇ ನಮ್ಮ ಹಾಸಿಗೆಯ ಪಕ್ಕದಲ್ಲಿ ನಿಂತು "ಏನಾಗ್ತಿದೆ ಹೇಳಿ" ಎಂದು ಕೇಳುವವರು. ಕೇಳಿದರೆ ಅವಮಾನವಾಗುತ್ತದೆಂದು ಕಲಿತ ವಿದ್ಯಾರ್ಥಿ, ರೋಗಿಯನ್ನು ಕೇಳಿ ತಿಳಿದುಕೊಳ್ಳುವ ವೈದ್ಯನಾಗುವುದು ಕಷ್ಟ. ಆರಿಸಿಕೊಂಡ ಮಗುವಿನ ಊರು, ಕಾಲೇಜುಗಳನ್ನು ನನಗೆ ಬರೆದು ತಿಳಿಸಿ. ಯಾರಿಗೆ ಯಾರೂ ಸಿಕ್ಕಿಲ್ಲವೋ ಅವರನ್ನು ನಿಮ್ಮಲ್ಲೊಬ್ಬರಿಗೆ ಜೋಡಿಸುವ ಕೆಲಸವನ್ನು ನಾನು ಮಾಡುತ್ತೇನೆ. ನಿವೃತ್ತ ಮೇಷ್ಟರಿಗೆ ಹಾಜರಿ ಪುಸ್ತಕ ಹಿಡಿಯುವ ಚಾಳಿ ಇನ್ನೂ ಹೋಗಿಲ್ಲ.

ಎಲ್ಲರಿಗೂ ಒಳಿತಾಗಲಿ.